ಮೂರು ಮುಚ್ಚಳ

"ಒಂದು ಲೋಟ ಚಾಕೊಲೇಟ್ ಹಾಲು ಮಾಡಿಕೊಡ್ತೀಯೇನಪ್ಪಾ?" ಎಂದರು ಇನ್ಸ್‌ಪೆಕ್ಟರಮ್ಮ.

ನಾಲ್ಕು ಮಹಡಿ ಹತ್ತಿ ಬಂದಿದ್ದರು. ಏದುಸಿರು ಇನ್ನೂ ತಹಬಂದಿಗೆ ಬಂದಿರಲಿಲ್ಲ. ಎಡಮಂಡಿ ಬಲಮಂಡಿಯ ಮೇಲೆ, ಬಲಮಂಡಿ ಎಡಮಂಡಿಯ ಮೇಲೆ ದೂರು ಹೇಳುತ್ತಿದ್ದವು.

ಬಾಗಿಲು ತೆರೆದ ಬನ್ನಣ್ಣ ತಬ್ಬಿಬ್ಬಾದ. ಈ ಹೆಂಗಸು ಬಂದರೆ ಏನೇನು ಕೇಳಬಹುದು, ಏನೇನು ಹೇಳಬೇಕು ಅಂತ ಹತ್ತು ದಿನದಿಂದ ಉರು ಹೊಡೆದಿಟ್ಟುಕೊಂಡಿದ್ದ. ಆ ಪಟ್ಟಿಯಲ್ಲಿ ಹಾಲು ಇರಲಿಲ್ಲ.

"ಹಾಲಾ?"

"ಗುಬ್ಬಿ ಕುಡೀತಿದ್ದಳಲ್ಲ, ಅದೇ."

ಗುಬ್ಬಿ ಅನ್ನುವ ಮಾತು ಕೇಳಿದ್ದೇ ತಡ, ಅವನ ಕೈ ಬಾಗಿಲ ಚಿಲಕದ ಮೇಲೆ ಒಂದು ಕ್ಷಣ ಬಿಗಿಯಾಯಿತು. ಆಮೇಲೆ ಪಕ್ಕಕ್ಕೆ ಸರಿದು, "ಬನ್ನಿ ಅಮ್ಮಾ, ಕೂತ್ಕೊಳ್ಳಿ" ಅಂದ.

ಹತ್ತು ದಿನದ ಹಿಂದೆ, ಒಂದು ಮಂಗಳವಾರ, ಈ ಮನೆಯ ಚಾಪೆಯ ಮೇಲೆ ಮಲಗಿದ ಐದು ವರ್ಷದ ಗುಬ್ಬಿ ಸಂಜೆ ಎಷ್ಟು ಎಬ್ಬಿಸಿದರೂ ಏಳಲಿಲ್ಲ. ಅವಳ ರಕ್ತದಲ್ಲಿ ನಿದ್ದೆ ಬರಿಸುವ ಔಷಧಿ ಇದೆ, ಅದೂ ಈ ವಯಸ್ಸಿಗೆ ಕೊಡುವುದರ ಮೂರು ಪಟ್ಟು, ಅಂದಿದ್ದರು ಆಸ್ಪತ್ರೆಯವರು.

ಗುಬ್ಬಿ ಬಸ್ ಓಡಿಸುವ ಹೆಂಗಸೊಬ್ಬಳ ಒಬ್ಬಳೇ ಮಗಳು. ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷ. ಮಗಳಿಗೆ ಮದ್ದು ಹಾಕಿಸಿ ಎದುರುಮನೆಯಲ್ಲಿ ಮಲಗಿಸಿ ಕೆಲಸಕ್ಕೆ ಹೋಗುವ ತಾಯಿ ಇವಳು ಅಂತ ಗಂಡ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅರ್ಜಿ ಹಾಕಿದ್ದಾನೆ. ಸದ್ಯಕ್ಕೆ ಮಗು ಅಪ್ಪನ ತಾಯಿಯ ಮನೆಯಲ್ಲಿದೆ. ಸೋಮವಾರ ಹನ್ನೊಂದು ಗಂಟೆಗೆ ವಿಚಾರಣೆ. ಅಷ್ಟರೊಳಗೆ ಮದ್ದು ಕೊಟ್ಟವರು ಯಾರು ಅಂತ ಗೊತ್ತಾಗದಿದ್ದರೆ ಮಗು ತಾಯಿಯ ಕೈ ತಪ್ಪಿದ ಹಾಗೆಯೇ. ಅದಕ್ಕೇ ಅವಳು ಇನ್ಸ್‌ಪೆಕ್ಟರಮ್ಮನ ಹತ್ತಿರ ಓಡಿದ್ದಳು.

ಇವತ್ತು ಶುಕ್ರವಾರ. ಗಂಟೆ ಮಧ್ಯಾಹ್ನ ಮೂರೂ ಹತ್ತು.

ಇನ್ಸ್‌ಪೆಕ್ಟರಮ್ಮ ಕುರ್ಚಿಯಲ್ಲಿ ಕುಸಿದರು. ನಿಜ ಹೇಳಬೇಕೆಂದರೆ ಅವರು ಯಾವತ್ತೂ ಇನ್ಸ್‌ಪೆಕ್ಟರ್ ಆದವರಲ್ಲ. ಇಪ್ಪತ್ತೆಂಟು ವರ್ಷ ಪೊಲೀಸ್ ಕೆಲಸ ಮಾಡಿ ಹೆಡ್ ಕಾನ್‌ಸ್ಟೆಬಲ್ ಆಗಿಯೇ ನಿವೃತ್ತಿಯಾದವರು. ಸರ್ಕಾರ ಕೊಡದ ಬಡ್ತಿಯನ್ನು ಬೀದಿಯ ಜನ ಕೊಟ್ಟಿದ್ದರು. ಸಂಬಳ ಮಾತ್ರ ಯಾರೂ ಏರಿಸಿರಲಿಲ್ಲ.

ಮನೆ ತಣ್ಣಗಿತ್ತು. ಬನ್ನಣ್ಣನ ಹೆಂಡತಿ ತೀರಿಹೋಗಿ ಮೂರು ವರ್ಷ. ಮಗನಿಗೆ ಒಂಬತ್ತು, ಮಗಳಿಗೆ ಏಳು. ಗೋಡೆಯ ಕೆಳಗೆ ಮಕ್ಕಳ ಚಪ್ಪಲಿ ಇರಲಿಲ್ಲ.

"ಮಕ್ಕಳೆಲ್ಲಿ?"

"ಅವರ ಅತ್ತೆ ಮನೇಲಿ. ಸ್ಕೂಲ್ ಮುಗಿಸಿ ಸೀದಾ ಅಲ್ಲಿಗೇ ಹೋಗ್ತಾರೆ. ನಮ್ಮಕ್ಕ ಬೈಕೊಂಡೇ ನೋಡ್ಕೊಳ್ತಾಳೆ."

"ಯಾವತ್ತಿಂದ?"

"ಆವತ್ತಿಂದ."

"ಹಾಗಾದ್ರೆ ಈಗ ನೀನು ಆರಾಮಾಗಿ ನಿದ್ದೆ ಮಾಡಬಹುದು."

ಬನ್ನಣ್ಣ ನಕ್ಕ. ಆ ನಗು ಅರ್ಧ ದಾರಿಯಲ್ಲೇ ನಿಂತುಹೋಯಿತು. "ಗಲಾಟೆ ಇದ್ದಾಗ ನಿದ್ದೆ ಬರ್ತಿರಲಿಲ್ಲ ಅಮ್ಮಾ. ಈಗ ಗಲಾಟೆ ಇಲ್ಲ ಅಂತ ಬರಲ್ಲ."

ಅವನ ಕಣ್ಣುಗಳು ಬೇಯಿಸಿ ಇಟ್ಟ ಹಾಗಿದ್ದವು. ಅವನದು ಬೇಕರಿಯ ಒಲೆ ಕೆಲಸ. ರಾತ್ರಿ ಒಂಬತ್ತಕ್ಕೆ ಹೋದರೆ ಬೆಳಗಿನ ಐದರವರೆಗೆ ಒಲೆ. ಮೂರು ತಿಂಗಳ ಹಿಂದೆ ವ್ಯಾನಿನವನು ಕೆಲಸ ಬಿಟ್ಟ ಮೇಲೆ, ಹನ್ನೆರಡರವರೆಗೆ ಅಂಗಡಿ ಅಂಗಡಿಗೆ ಬ್ರೆಡ್ಡು ಬನ್ನು ಇಳಿಸುವುದೂ ಇವನ ತಲೆಗೇ ಬಿತ್ತು. ಒಂದಕ್ಕೆ ಶಾಲೆಯಿಂದ ಮಕ್ಕಳು. ರಾತ್ರಿ ಮೂವರನ್ನೂ ಮಲಗಿಸಿ, ಬೆಳಗ್ಗೆ ಎಬ್ಬಿಸಿ, ತಿನ್ನಿಸಿ, ಶಾಲೆಗೆ ಬಿಡುವುದು ಗುಬ್ಬಿಯ ಅಮ್ಮನ ಪಾಳಿ. ಮಧ್ಯಾಹ್ನದಿಂದ ಅವಳು ಕೆಲಸ ಮುಗಿಸಿ ಬರುವವರೆಗೆ ಮೂವರನ್ನೂ ನೋಡಿಕೊಳ್ಳುವುದು ಬನ್ನಣ್ಣನ ಪಾಳಿ. ಎದುರುಬದುರು ಮನೆ. ಒಬ್ಬರಿಗೊಬ್ಬರು ಆಸರೆ. ಇಬ್ಬರಿಗೂ ಬೇರೆ ಗತಿ ಇರಲಿಲ್ಲ.

ಅಂದರೆ ಇವನು ಮಲಗಬೇಕಾದ ಹೊತ್ತೂ, ಮಕ್ಕಳು ಕುಣಿಯುವ ಹೊತ್ತೂ ಒಂದೇ.

ಇನ್ಸ್‌ಪೆಕ್ಟರಮ್ಮನಿಗೆ ಇದು ಗೊತ್ತಾಗಿ ಮೂರು ದಿನವಾಗಿತ್ತು. ಗೊತ್ತಾಗುವುದು ಬೇರೆ, ಬಾಯಿ ಬಿಡಿಸುವುದು ಬೇರೆ. ಈ ವಯಸ್ಸಿನಲ್ಲಿ ಬಾಯಿ ಬಿಡಿಸುವ ಹುಮ್ಮಸ್ಸು ಅವರಿಗೆ ಉಳಿದಿರಲಿಲ್ಲ. ಅದಕ್ಕೇ ಹಾಲು ಕೇಳಿದ್ದು.

ಬನ್ನಣ್ಣ ಅಡುಗೆಮನೆಗೆ ಹೋದ. ಇವರೂ ಎದ್ದು ಬಾಗಿಲಿಗೆ ಒರಗಿ ನಿಂತರು.

ಅವನು ಲೋಟ ತೆಗೆಯಲಿಲ್ಲ, ಚಮಚ ತೆಗೆಯಲಿಲ್ಲ. ಕಪಾಟಿನಿಂದ ತೂಕದ ಯಂತ್ರ ತೆಗೆದ. ಪಾತ್ರೆಯನ್ನು ಅದರ ಮೇಲಿಟ್ಟು ಗುಂಡಿ ಒತ್ತಿ ಸೊನ್ನೆ ಮಾಡಿದ. ಹಾಲು ಸುರಿದ. ಕಣ್ಣು ಅಂಕಿಯ ಮೇಲೆ. ಸರಿಯಾಗಿ ಆರುನೂರು ಗ್ರಾಮಿಗೆ ಕೈ ನಿಂತಿತು. ಮತ್ತೆ ಸೊನ್ನೆ. ಕೋಕೋ ಪುಡಿ, ಇಪ್ಪತ್ನಾಲ್ಕು. ಮತ್ತೆ ಸೊನ್ನೆ. ಸಕ್ಕರೆ, ನಲವತ್ತೈದು.

"ಹಾಲನ್ನೂ ತೂಗ್ತೀಯಲ್ಲಪ್ಪಾ!"

"ಅಳತೆ ಲೋಟ ಸುಳ್ಳು ಹೇಳುತ್ತೆ ಅಮ್ಮಾ, ತೂಕ ಹೇಳಲ್ಲ. ನಮ್ಮ ಒಲೆ ಮೇಸ್ತ್ರಿ ಕೈ ಮೇಲೆ ಹೊಡೆದು ಕಲಿಸಿದ್ದು."

ಒಲೆಯ ಮೇಲಿನ ಗೋಡೆಯಲ್ಲಿ ಪೆನ್ಸಿಲಿನಿಂದ ಬರೆದಿತ್ತು. ಹಾಲು 600. ಪುಡಿ 24. ಸಕ್ಕರೆ 45. ಅದರ ಕೆಳಗೆ ಒದ್ದೆ ಬಟ್ಟೆಯಿಂದ ಉಜ್ಜಿದ ಗುರುತು. ಸುತ್ತಲಿನ ಗೋಡೆಗೆ ಹೊಗೆಯ ಬಣ್ಣ. ಅಂಗೈಯಗಲದ ಆ ಜಾಗ ಮಾತ್ರ ಸುಣ್ಣ ಬಳಿದ ಹಾಗೆ ಬೆಳ್ಳಗೆ.

"ಯಾರಿಗೆ ಇಷ್ಟೊಂದು? ನಾನು ಕೇಳಿದ್ದು ಒಂದು ಲೋಟ."

ಬನ್ನಣ್ಣ ಪಾತ್ರೆಯನ್ನು ನೋಡಿದ. ಯಾರೋ ತಂದಿಟ್ಟ ಪಾತ್ರೆ ಎನ್ನುವ ಹಾಗೆ ನೋಡಿದ.

"ಅಯ್ಯೋ. ಮೂರು ಜನದ್ದು ಮಾಡಿಬಿಟ್ಟೆ. ಒಬ್ಬರಿಗೆ ಅಂತ ಮಾಡೋಕೆ ನನ್ನ ಕೈಗೆ ಬರಲ್ಲ ಅಮ್ಮಾ. ಬೇಕರೀಲಿ ನೂರಕ್ಕೆ ಕಲಸು ಅಂದ್ರೆ ಕಲಸ್ತೀನಿ, ಒಂದು ಬನ್ನು ಮಾಡು ಅಂದ್ರೆ ಕೈಕಾಲು ಆಡಲ್ಲ."

"ಆವತ್ತು ಮಂಗಳವಾರಾನೂ ಮೂರು ಜನದ್ದೇ ಮಾಡಿದ್ದಾ?"

ಬನ್ನಣ್ಣ ಪಾತ್ರೆಯನ್ನು ಒಲೆಯ ಮೇಲಿಟ್ಟು ಉರಿ ಹಚ್ಚಿದ. ಸೌಟಿನಿಂದ ಕಲಕುತ್ತಾ ನಿಂತ.

"ನಿನ್ನ ಮಕ್ಕಳ ಸ್ಕೂಲಿಗೆ ಹೋಗಿದ್ದೆ ಬೆಳಗ್ಗೆ," ಅಂದರು ಇನ್ಸ್‌ಪೆಕ್ಟರಮ್ಮ. ದನಿ ಏರಿಸಲಿಲ್ಲ. "ಆವತ್ತು ದೊಡ್ಡ ಮಕ್ಕಳ ಫೋಟೋ ತೆಗೆಸೋದಿತ್ತಂತೆ. ಮೂರೂವರೆವರೆಗೂ ಬಿಟ್ಟಿಲ್ಲ. ಒಂದು ಗಂಟೆಗೆ ಮನೆಗೆ ಬಂದಿದ್ದು ಗುಬ್ಬಿ ಒಬ್ಬಳೇ. ನೀನು ಬಂದವನೇ ಯಾವತ್ತಿನ ಹಾಗೆ ಪಾತ್ರೆ ಇಟ್ಟೆ, ಮೂರು ಜನದ್ದು ಕಲಸಿದೆ. ಅವಳಿಗೆ ಒಂದು ಲೋಟ ಕೊಟ್ಟು, ಕಣ್ಣು ಬಿಡೋಕಾಗದೆ ಬಿದ್ಕೊಂಡೆ. ಉಳಿದಿದ್ದು ಒಲೆ ಮೇಲೇ ಇತ್ತು. ಅಲ್ವಾ?"

"ಅಮ್ಮಾ..."

"ಆ ಮಗೂಗೆ ಚಾಕೊಲೇಟ್ ಅಂದ್ರೆ ಪ್ರಾಣ. ಕುರ್ಚಿ ಎಳ್ಕೊಂಡು ಹತ್ತಿ, ನಿನ್ನ ಮಗನ ಪಾಲು, ಮಗಳ ಪಾಲು ಎರಡನ್ನೂ ಕುಡಿದಿದ್ದಾಳೆ. ಅದಕ್ಕೇ ಮೂರು ಪಟ್ಟು. ಬೇಕು ಅಂತ ಮದ್ದು ಹಾಕೋರು ಲೆಕ್ಕ ಇಟ್ಟು ಹಾಕ್ತಾರೆ ಕಣಪ್ಪಾ. ಹೀಗೆ ಮೂರು ಪಟ್ಟು ಆಗೋದು ಒಟ್ಟಿಗೆ ಕಲಸೋನ ಕೈಯಿಂದ ಮಾತ್ರ. ಹೇಳು, ಆ ಗೋಡೆ ಮೇಲೆ ಅಳಿಸಿದೀಯಲ್ಲ, ಅಲ್ಲಿ ಏನು ಬರೆದಿತ್ತು?"

ಹಾಲು ಉಕ್ಕಿತು. ಇಬ್ಬರೂ ಒಲೆ ಆರಿಸಲು ಕೈ ಚಾಚಿದರು. ಆರಿಸಿದ್ದು ಇನ್ಸ್‌ಪೆಕ್ಟರಮ್ಮ.

"ಹದಿನೈದು," ಅಂದ ಬನ್ನಣ್ಣ. "ಸಿರಪ್ ಬಾಟಲಿ ಮುಚ್ಚಳದಲ್ಲಿ ಐದು ಎಂ.ಎಲ್. ಮೂರು ಮಕ್ಕಳಿಗೆ ಮೂರು ಮುಚ್ಚಳ. ಹದಿನೈದು."

ಹೇಳಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಬೀಳಲಿಲ್ಲ, ಅಳಲಿಲ್ಲ. ಹೊತ್ತು ತಂದ ಮೂಟೆಯನ್ನು ಇಳಿಸಿ ಅದರ ಪಕ್ಕದಲ್ಲೇ ಕೂರುವವನ ಹಾಗೆ ಕೂತ.

"ನನ್ನ ಮಗನಿಗೆ ಮೂಗು ಕಟ್ಟಿ ಸೀನು ಹಿಡಿದಿತ್ತು ಅಮ್ಮಾ. ಡಾಕ್ಟರೇ ಬರೆದುಕೊಟ್ಟ ಸಿರಪ್ಪು. ಕುಡಿದ ದಿನ ಮೂರು ಗಂಟೆ ಗೊರಕೆ ಹೊಡ್ದ. ನಾನೂ ಹೊಡ್ದೆ. ಎಷ್ಟೋ ದಿನದ ಮೇಲೆ ಮನುಷ್ಯ ಆದೆ. ಸೀನು ಹೋದ್ಮೇಲೂ ಒಂದು ಬಾಟಲಿ ತಂದೆ. ಆಮೇಲೆ ಇನ್ನೊಂದು. ಒಂದಿನ ಒಲೆ ಮುಂದೆ ನಿಂತು ತೂಕಡಿಸಿ ಕೈ ಸುಟ್ಕೊಂಡಿದ್ದೆ, ನೋಡಿ." ತೋಳು ಚಾಚಿದ. ಮೊಣಕೈಯವರೆಗೂ ಹೊಳೆಯುವ ಗುಲಾಬಿ ಚರ್ಮ. "ವ್ಯಾನಲ್ಲಿ ತೂಕಡಿಸಿದ್ರೆ ಇನ್ಯಾರನ್ನಾದ್ರೂ ಕೊಲ್ತೀನಲ್ಲ ಅನ್ನೋ ಭಯ."

"ನಿನ್ನ ಮಕ್ಕಳಿಗೆ ಕೊಟ್ಟಿದ್ದು ನಿನ್ನ ಪಾಪ. ಇನ್ನೊಬ್ಬರ ಮಗೂಗೆ ಕೊಡೋಕೆ ನಿನಗೆ ಯಾರಪ್ಪಾ ಹಕ್ಕು ಕೊಟ್ಟಿದ್ದು? ಆ ತಾಯಿ ಹತ್ತು ದಿನದಿಂದ ಅನ್ನ ಮುಟ್ಟಿಲ್ಲ. ಎದುರುಮನೇಲಿ ಕೂತು ನೀನು ನೋಡ್ತಾ ಇದೀಯ. ಮಗು ಹೋಗುತ್ತೆ ಸೋಮವಾರ, ಗೊತ್ತಾ ನಿನಗೆ?"

"ಗೊತ್ತು."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀಯಲ್ಲೋ!"

ಬನ್ನಣ್ಣ ತಲೆಯೆತ್ತಿದ. ಅವನ ಮುಖದಲ್ಲಿ ನಾಚಿಕೆ ಇತ್ತು, ಭಯ ಇತ್ತು. ಅವೆರಡರ ನಡುವೆ ಇನ್ನೇನೋ ಇತ್ತು, ಇನ್ಸ್‌ಪೆಕ್ಟರಮ್ಮ ಎಣಿಸಿರದಂಥದ್ದು. ಅದು ಆಶ್ಚರ್ಯ.

"ಅವಳೇ ಸುಮ್ಮನಿದ್ದಳಲ್ಲಮ್ಮಾ," ಅಂದ. "ಅವಳು ಹೇಳಲಿಲ್ಲ ಅಂತ ನಾನೂ ಹೇಳಲಿಲ್ಲ. ಇಬ್ಬರೂ ಒಂದೇ ದೋಣೀಲಿ ಇದೀವಿ, ನಾನು ಅಲ್ಲಾಡಿದ್ರೆ ಅವಳೂ ಮುಳುಗ್ತಾಳೆ ಅಂದ್ಕೊಂಡೆ."

"ಏನು ಹಾಗಂದ್ರೆ?"

"ಕೇಳದೆ ಕೊಟ್ಟಿಲ್ಲ ಅಮ್ಮಾ ನಾನು. ಕೇಳಿದ್ದೆ. ಕೊಡಿ ಅಂದಳು."

ಇನ್ಸ್‌ಪೆಕ್ಟರಮ್ಮ ಅಲ್ಲೇ ಇದ್ದ ಹಿಟ್ಟಿನ ಡಬ್ಬಿಯ ಮೇಲೆ ಕೂತರು.

ಇಪ್ಪತ್ತೆಂಟು ವರ್ಷ, ಮೇಲೆ ನಿವೃತ್ತಿಯ ನಾಲ್ಕು ವರ್ಷ. ಸುಳ್ಳು ಹೇಳಿದ ಕಳ್ಳರು, ಸುಳ್ಳು ಹೇಳಿದ ಗಂಡಂದಿರು, ಸುಳ್ಳು ಹೇಳಿದ ಮೇಲಧಿಕಾರಿಗಳು, ಎಲ್ಲರನ್ನೂ ಅರಗಿಸಿಕೊಂಡಿದ್ದರು. ಆದರೆ ಕಾಪಾಡಿ ಅಂತ ಬಂದು ಕೈ ಹಿಡಿದವರೇ ಸುಳ್ಳು ಹೇಳಿದಾಗ ಆಗುವ ಆಯಾಸವೇ ಬೇರೆ. ಅದು ಮಂಡಿಗೆ ಬರುವ ನೋವಲ್ಲ. ಗುಬ್ಬಿಯ ಅಮ್ಮ ಇದೇ ಕೈಗಳನ್ನು ಹಿಡಿದು, 'ನನ್ನಾಣೆ ಅಮ್ಮಾ, ನನಗೇನೂ ಗೊತ್ತಿಲ್ಲ' ಅಂದಿದ್ದಳು. ನಂಬಿದ್ದರು.

"ಎಲ್ಲಿ ಕೇಳಿದೆ? ಎದುರೆದುರೇನಾ?"

"ಎದುರು ನಿಂತು ಕೇಳೋಕೆ ನಾಚಿಕೆ ಅಮ್ಮಾ. ಮೆಸೇಜ್ ಹಾಕಿದ್ದೆ. ಇದೆ, ತೋರಿಸ್ತೀನಿ."

ಹಿಟ್ಟು ಅಂಟಿದ ಫೋನನ್ನು ಅಂಗಿಗೆ ಒರೆಸಿ ಕೊಟ್ಟ. ಇನ್ಸ್‌ಪೆಕ್ಟರಮ್ಮ ಕನ್ನಡಕ ಏರಿಸಿದರು.

ಎರಡು ತಿಂಗಳ ಹಿಂದಿನದು. 'ತಂಗಿ, ಮಕ್ಕಳು ಮಲಗಲ್ಲ. ನನ್ನ ಮಕ್ಕಳಿಗೆ ನೆಗಡಿ ಸಿರಪ್ ಒಂದು ಮುಚ್ಚಳ ಹಾಕ್ತೀನಿ, ಚೆನ್ನಾಗಿ ನಿದ್ದೆ ಬರುತ್ತೆ. ಗುಬ್ಬಿಗೂ ಕೊಡಲಾ? ಬೇಡ ಅಂದ್ರೆ ಬೇಡ.' ಸಮಯ ಮಧ್ಯಾಹ್ನ ಎರಡು ಗಂಟೆ ಐದು ನಿಮಿಷ.

ಅದರ ಕೆಳಗೆ ಅವಳ ನಂಬರಿನಿಂದ, ಎರಡೂ ಹನ್ನೊಂದಕ್ಕೆ: 'ಕೊಡಿ. ಪರವಾಗಿಲ್ಲ. ಇದನ್ನ ಮತ್ತೆ ಮಾತಾಡೋದು ಬೇಡ.'

ಇದೊಂದು ಸಾಕಾಗಿತ್ತು, ಸೋಮವಾರ ಅವಳನ್ನು ಮುಳುಗಿಸಲು.

"ನನ್ನ ಕೈಗೆ ಅವಳ ಫೋನನ್ನೇ ಕೊಟ್ಟಿದ್ದಳು," ಇನ್ಸ್‌ಪೆಕ್ಟರಮ್ಮ ತಮಗೆ ತಾವೇ ಅನ್ನುವ ಹಾಗೆ ಅಂದರು. "ಮೊದಲನೇ ದಿನಾನೇ. ಲಾಕೂ ಇಲ್ಲ, ಮಗು ಆಟ ಆಡೋಕೆ ಅಂತ ತೆಗೆದಿಟ್ಟಿದೀನಿ ಅಂದಳು. ನಿನ್ನ ಹೆಸರಿನ ಕೆಳಗೆ ಇದೊಂದೂ ಇರಲಿಲ್ಲ."

"ಅಳಿಸಿರ್ತಾಳೆ. ಪಾಪ, ಭಯ."

ಇರಬಹುದು. ಇನ್ಸ್‌ಪೆಕ್ಟರಮ್ಮ ಬೆರಳಿನಿಂದ ತಳ್ಳುತ್ತಾ ಹೋದರು. ದಣಿದವರಿಗೆ ಒಂದು ಲಾಭ ಉಂಟು: ನಿಧಾನವಾಗಿ ಓದುತ್ತಾರೆ.

'ಅಣ್ಣ, ಬ್ಯಾಗಲ್ಲಿ ಸ್ವೆಟರ್ ಇದೆ ಹಾಕಿ.' ಬೆಳಗ್ಗೆ ಹತ್ತೂವರೆ. 'ಅಣ್ಣ ನಿಮ್ಮ ಮಗಳಿಗೆ ಹಲ್ಲು ಬಿತ್ತು, ಡಬ್ಬೀಲಿ ಇಟ್ಟಿದೀನಿ, ಬೈಬೇಡಿ.' ಬೆಳಗ್ಗೆ ಒಂಬತ್ತು. 'ಬಂದೆ ಅಣ್ಣ, ಹತ್ತೇ ನಿಮಿಷ.' ರಾತ್ರಿ ಎಂಟೂ ನಲವತ್ತು. 'ಕೊಡಿ. ಪರವಾಗಿಲ್ಲ.' ಮಧ್ಯಾಹ್ನ. 'ಅಣ್ಣ ನಾಳೆ ನನಗೆ ರಜೆ, ಮೂರು ಜನಾನೂ ನನ್ನ ಹತ್ರಾನೇ ಇರಲಿ, ನೀವು ಸುಖವಾಗಿ ಮಲಗಿ.' ಬೆಳಗ್ಗೆ. 'ಕೊಡ್ತಾ ಇರಿ. ನಿಲ್ಲಿಸಬೇಡಿ.' ಮಧ್ಯಾಹ್ನ ಮೂರು.

ಇನ್ಸ್‌ಪೆಕ್ಟರಮ್ಮನ ಬೆರಳು ನಿಂತಿತು.

"ನಿನ್ನ ತಂಗಿ ನಿನಗೆ ಯಾವತ್ತಾದ್ರೂ ಅಣ್ಣ ಅನ್ನದೆ ಮಾತಾಡಿದಾಳೇನಪ್ಪಾ?"

"ಇಲ್ಲಮ್ಮಾ. ಬೈಯೋವಾಗಲೂ 'ಥೂ ನಿಮ್ಮ ಅಣ್ಣಾ' ಅಂತಾನೇ ಬೈತಾಳೆ."

"ಮದ್ದಿನ ಮಾತು ಬಂದಾಗ ಮಾತ್ರ ಅಣ್ಣ ಇಲ್ಲ. ನೋಡು. ಇಲ್ಲಿಲ್ಲ. ಇಲ್ಲೂ ಇಲ್ಲ."

ಬನ್ನಣ್ಣ ಬಗ್ಗಿ ನೋಡಿದ. "ಅವಸರದಲ್ಲಿ ಬಿಟ್ಟಿರಬೇಕು. ಡ್ಯೂಟಿ ಮೇಲೆ ಇರ್ತಾಳಲ್ಲ."

"ಏನಂದೆ?"

"ಡ್ಯೂಟಿ. ಒಂದು ಗಂಟೆಗೆ ಹತ್ತಿದ್ರೆ ಎಂಟೂವರೆವರೆಗೂ..."

ಇನ್ಸ್‌ಪೆಕ್ಟರಮ್ಮ ಕಣ್ಣು ಮುಚ್ಚಿದರು. ಮೊನ್ನೆ ಬುಧವಾರ ಮಧ್ಯಾಹ್ನವೆಲ್ಲ ಅವಳಿಗೆ ಫೋನ್ ಮಾಡಿ ಮಾಡಿ ಸಾಕಾಗಿತ್ತು. ರಾತ್ರಿ ಅವಳೇ ಮಾಡಿ ಕ್ಷಮೆ ಕೇಳಿದ್ದಳು: ಡ್ರೈವರುಗಳು ಸ್ಟಿಯರಿಂಗ್ ಹಿಡಿಯುವ ಮೊದಲು ಫೋನನ್ನು ಡಿಪೋದಲ್ಲಿ ಒಪ್ಪಿಸಬೇಕಂತೆ. ಕಬ್ಬಿಣದ ಪೆಟ್ಟಿಗೆ, ಒಬ್ಬೊಬ್ಬರಿಗೆ ಒಂದೊಂದು ಗೂಡು, ಅದಕ್ಕೆ ಬೀಗ, ಬೀಗದ ಕೈ ಡಿಪೋದವರ ಹತ್ತಿರ. ಎಂಟೂವರೆಗೆ ಬಸ್ ನಿಲ್ಲಿಸಿ ಬಂದರೆ ಮಾತ್ರ ವಾಪಸ್ಸು. ಒಂದು ಸಲ ಫೋನ್ ಹಿಡಿದು ಸಿಕ್ಕಿಬಿದ್ದರೆ ಹದಿನೈದು ದಿನ ಕೆಲಸವಿಲ್ಲ.

ಮಧ್ಯಾಹ್ನ ಎರಡೂ ಹನ್ನೊಂದಕ್ಕೆ ಅವಳ ಫೋನು ಪೆಟ್ಟಿಗೆಯಲ್ಲಿತ್ತು.

"ನೀನು ಕೇಳಿದ್ದು ಅವಳನ್ನಲ್ಲ," ಅಂದರು ಇನ್ಸ್‌ಪೆಕ್ಟರಮ್ಮ.

"ಮತ್ತೆ ಯಾರನ್ನ?"

"ಅದೇ ನನಗೂ ಬೇಕಾಗಿರೋದು. ಈಗ ಅವಳ ಬಸ್ಸು ಎಲ್ಲಿರುತ್ತೆ?"

ಅವನು ಗೋಡೆ ಗಡಿಯಾರ ನೋಡಿದ. "ಮೂರೂ ಐವತ್ತಕ್ಕೆ ನಮ್ಮ ಕೆಳಗಿನ ಸ್ಟಾಪಿಗೇ ಬರುತ್ತೆ. ಮಕ್ಕಳು ಎದ್ದಿದ್ರೆ ಕಿಟಕಿಯಿಂದ ಕೈ ಬೀಸೋರು. ಬಸ್ ಅತ್ತೆ, ಬಸ್ ಅತ್ತೆ ಅಂತ." ಗಡಿಯಾರದಿಂದ ಕಣ್ಣು ತೆಗೆದ. "ಎರಡು ತಿಂಗಳಿಂದ ಯಾರೂ ಎದ್ದಿರ್ತಿರಲಿಲ್ಲ."

ಇನ್ನು ಆರು ನಿಮಿಷ.

ಇನ್ಸ್‌ಪೆಕ್ಟರಮ್ಮ ಎದ್ದರು. ಮಂಡಿಗಳು ಏನೋ ಹೇಳಲು ಬಂದವು, ಅವರು ಕೇಳಿಸಿಕೊಳ್ಳಲಿಲ್ಲ. "ಕಿಟಕಿ ಹತ್ರ ಬಾ. ನಾನು ಹೇಳಿದ ಹಾಗೆ ಬರಿ. ನಿನ್ನ ಮಾತಲ್ಲೇ ಇರಲಿ, ಪೊಲೀಸ್ ಮಾತು ಬೇಡ."

"ಏನಂತ?"

"ಸೋಮವಾರ ನನ್ನನ್ನೂ ಕರೆದಿದಾರೆ. ನೀನೇ ಕೊಡೋಕೆ ಹೇಳಿದ್ದು ಅಂತ ಹೇಳಿಬಿಡ್ಲಾ ತಂಗಿ, ಅಂತ ಬರಿ."

ಬನ್ನಣ್ಣ ಬರೆಯಲು ಶುರು ಮಾಡಿದ. ದಿನಕ್ಕೆ ಎರಡು ಸಾವಿರ ಬನ್ನಿಗೆ ಒಂದೇ ತೂಕದ ಹಿಟ್ಟು ಮುರಿಯುವ ಕೈ. ಎರಡು ಸಲ ತಪ್ಪಾಗಿ, ಮೂರನೆಯ ಸಲಕ್ಕೆ ಸರಿಯಾಯಿತು.

"ಈಗಲೇ ಕಳಿಸಬೇಡ. ತಡಿ."

ಇಬ್ಬರೂ ಕಿಟಕಿಗೆ ಆತುಕೊಂಡು ನಿಂತರು. ಕೆಳಗೆ ರಸ್ತೆ ಬಿಸಿಲಿಗೆ ಸೋತು ಮಲಗಿತ್ತು. ಸ್ಟಾಪಿನಲ್ಲಿ ಒಬ್ಬ ಮುದುಕ, ಬಕೆಟ್ಟು ಹಿಡಿದ ಒಬ್ಬ ಹೆಂಗಸು. ತಿರುವಿನಲ್ಲಿ ಬಸ್ಸಿನ ಮೂತಿ ಕಾಣಿಸಿತು. ಬಂದು ನಿಂತಿತು. ನಾಲ್ಕನೆಯ ಮಹಡಿಯಿಂದ ನೋಡಿದರೂ ಮುಂದಿನ ಗಾಜಿನ ಹಿಂದೆ ಕೂತವಳು ನಿಚ್ಚಳವಾಗಿ ಕಾಣುತ್ತಿದ್ದಳು. ಬಿಗಿದ ತುರುಬು. ಸ್ಟಿಯರಿಂಗಿನ ಮೇಲೆ ಎರಡು ಕೈ. ಅವಳು ಕತ್ತೆತ್ತಿ ಇದೇ ಕಿಟಕಿಯನ್ನು ನೋಡಿದಳು. ಅಲ್ಲಿ ಮಕ್ಕಳಿರಲಿಲ್ಲ. ತಲೆ ತಗ್ಗಿಸಿದಳು.

"ಕಳಿಸು," ಅಂದರು ಇನ್ಸ್‌ಪೆಕ್ಟರಮ್ಮ.

ಮೆಸೇಜ್ ಹೋಯಿತು. ತಲುಪಿತು. ಮುದುಕ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಓದಿದ ಗುರುತು ನೀಲಿಯಾಯಿತು.

ಗಾಜಿನ ಹಿಂದಿನ ಎರಡು ಕೈಗಳು ಇದ್ದಲ್ಲೇ ಇದ್ದವು.

"ಅಮ್ಮಾ," ಬನ್ನಣ್ಣ ಫೋನನ್ನು ಅವರ ಮುಖದ ಹತ್ತಿರ ಹಿಡಿದ. "ಬರೀತಾ ಇದಾರೆ."

ಬಸ್ಸಿನ ಬಾಗಿಲು ಮುಚ್ಚಿತು. ಅವಳು ಎಡಗೈಯಿಂದ ಗೇರು ಹಾಕಿ, ಕನ್ನಡಿ ನೋಡಿ, ಎಷ್ಟೋ ವರ್ಷದ ಅಭ್ಯಾಸದಲ್ಲಿ ನಿಧಾನವಾಗಿ ಬಸ್ಸನ್ನು ರಸ್ತೆಗೆ ತಂದಳು. ಅದೇ ಹೊತ್ತಿಗೆ ಬನ್ನಣ್ಣನ ಅಂಗೈಯಲ್ಲಿ ಫೋನು ನಡುಗಿತು.

'ಹೌದು, ನಾನೇ ಕೊಡೋಕೆ ಹೇಳಿದ್ದು ಅಂತಾನೇ ಹೇಳಿ. ಈ ಮೆಸೇಜನ್ನೇ ಅವರಿಗೆ ತೋರಿಸಿ.'

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಇನ್ಸ್‌ಪೆಕ್ಟರಮ್ಮ ನೋಡಿದರು. ಮಗಳನ್ನು ಉಳಿಸಿಕೊಳ್ಳಲು ಊಟ ಬಿಟ್ಟು ದುಡಿಯುತ್ತಿರುವವಳು ಅಲ್ಲಿ ಹೋಗುತ್ತಿದ್ದಳು. ಅವಳ ಹೆಸರಿನಲ್ಲಿ ಅವಳ ಮಗಳನ್ನು ಬಿಟ್ಟುಕೊಡುತ್ತಿರುವವರು ಡಿಪೋದಲ್ಲಿ ಕೂತಿದ್ದರು, ಅವಳದೇ ಫೋನು ಹಿಡಿದುಕೊಂಡು. ಎಂಟೂವರೆಗೆ ಆ ಫೋನು ಅವಳ ಕೈಗೆ ವಾಪಸ್ಸು ಬರುವಾಗ ಅದರಲ್ಲಿ ಈ ಮಾತಿನ ಒಂದಕ್ಷರವೂ ಉಳಿದಿರುವುದಿಲ್ಲ. ಡಿಪೋಗೆ ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಈಗಲೇ ಹೊರಟರೆ ಕೈಯಲ್ಲೇ ಹಿಡಿಯಬಹುದು.

ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದರು.

"ಅಮ್ಮಾ, ನಿಲ್ಲಿ! ಇನ್ನೊಂದು ಬಂತು."

ಬನ್ನಣ್ಣ ಫೋನನ್ನು ದೂರ ಹಿಡಿದಿದ್ದ, ಒಲೆಯಿಂದ ಈಗಷ್ಟೇ ತೆಗೆದ ತಟ್ಟೆಯ ಹಾಗೆ.

'ಕಿಟಕೀಲಿ ನಿಮ್ಮ ಪಕ್ಕ ನಿಂತಿದ್ದ ಹೆಂಗಸಿಗೆ ಹೇಳಿ, ಡಿಪೋವರೆಗೂ ಬರೋ ತೊಂದರೆ ತಗೊಳ್ಳೋದು ಬೇಡ.'